18,000 ರೂಪಾಯಿಯ ಚೀಲ

ನಮ್ಮ ಮನೆಯ ತರಕಾರಿ ಚೀಲದ ಮೇಲೆ ಒಂದು ಜಿಮ್‌ನ ಹೆಸರಿದೆ. ವರ್ಷದ ಸದಸ್ಯತ್ವಕ್ಕೆಂದು ಒಂದೇ ಕಂತಿನಲ್ಲಿ 18,000 ರೂಪಾಯಿ ಕಟ್ಟಿದಾಗ ಉಚಿತವಾಗಿ ಸಿಕ್ಕಿದ್ದು. ಆ ವರ್ಷ ನಾನು ಅಲ್ಲಿಗೆ ಹೋದದ್ದು 31 ದಿನ. ದಿನಕ್ಕೆ 580 ರೂಪಾಯಿ ಬಿತ್ತು. ಬ್ಯಾಂಕಿನಲ್ಲಿ ಕೆಲಸ ಮಾಡುವವನ ಲೆಕ್ಕಾಚಾರ ಇದು!

ಜನವರಿಯ ಒಂದು ಭಾನುವಾರ ಮಧ್ಯಾಹ್ನ ನೋಡಲು ಹೋಗಿದ್ದೆ. ತಣ್ಣನೆಯ ಗಾಳಿ, ಖಾಲಿ ಟ್ರೆಡ್‌ಮಿಲ್‌ಗಳ ಸಾಲು. 'ಈ ದರ ಇವತ್ತಿಗೆ ಮಾತ್ರ ಸರ್' ಎಂದರು, ಕಟ್ಟಿಬಿಟ್ಟೆ. ಆಮೇಲೆ ಸಂಜೆ ಏಳಕ್ಕೆ ಹೋದರೆ ಒಂದೊಂದು ಯಂತ್ರಕ್ಕೂ ಸರದಿ. ಮನೆಯಿಂದ ಆರು ಕಿಲೋಮೀಟರ್ ಬೇರೆ. ಮಾರ್ಚ್ ಬಂತೆಂದರೆ ನಮಗೆ ವರ್ಷಾಂತ್ಯದ ಲೆಕ್ಕ, ರಾತ್ರಿ ಒಂಬತ್ತಾದರೂ ಬಿಡುವಿಲ್ಲ. ಆ ತಿಂಗಳನ್ನು ಫ್ರೀಜ್ ಮಾಡಿಕೊಡಿ, ಅಂದರೆ ಸದಸ್ಯತ್ವದ ಅವಧಿಯಲ್ಲಿ ಎಣಿಸಬೇಡಿ ಎಂದು ಕೇಳಿದಾಗ ರಸೀದಿಯ ಹಿಂಬದಿ ತೋರಿಸಿದರು. ಆಗುವುದಿಲ್ಲವೆಂದು ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿತ್ತು. ಓದದೆ ಸಹಿ ಹಾಕಬೇಡಿ ಎಂದು ಗ್ರಾಹಕರಿಗೆ ದಿನವೂ ಹೇಳುವವನು ನಾನೇ.

ಎರಡನೆಯ ಸಲ ಜಿಮ್ ಹುಡುಕಲು ಹೊರಟಿದ್ದು ಮಂಡಿ ನೋವಿನಿಂದ. ತೊಡೆಯ ಸ್ನಾಯು ಗಟ್ಟಿಯಾಗಬೇಕು ಎಂದರು ವೈದ್ಯರು. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲನೆಯದನ್ನು ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ನಡಿಗೆ ಬಿಟ್ಟಿಯಾಗಿ ಕೊಡುತ್ತಿತ್ತು. ಹಾಗಾದರೆ ಟ್ರೆಡ್‌ಮಿಲ್‌ಗೆ, ಜುಂಬಾಗೆ, ಹಬೆ ಸ್ನಾನಕ್ಕೆ ನಾನೇಕೆ ದುಡ್ಡು ಕೊಡಬೇಕು? ನನಗೆ ಬೇಕಾದದ್ದು ಕಾಲಿನಿಂದ ಭಾರ ತಳ್ಳುವ ಒಂದು ಲೆಗ್ ಪ್ರೆಸ್ ಯಂತ್ರ, ಎರಡೂವರೆ ಕಿಲೋದಿಂದ ಶುರುವಾಗುವ ಡಂಬೆಲ್‌ಗಳು, ನನ್ನ ಭಂಗಿ ತಪ್ಪಿದರೆ ಗದರುವ ಒಬ್ಬ ಮನುಷ್ಯ.

ನಡೆದು ಹೋಗುವಷ್ಟು ದೂರದಲ್ಲಿ ಮೂರು ಜಿಮ್‌ಗಳಿದ್ದವು. ಮೂರಕ್ಕೂ ಬೆಳಗ್ಗೆ ಆರೂಕಾಲಿಗೇ ಹೋದೆ, ನಾನು ಬರಬೇಕೆಂದುಕೊಂಡಿದ್ದ ಹೊತ್ತಿಗೆ. ಒಂದರಲ್ಲಿ ಸಣ್ಣ ಡಂಬೆಲ್‌ಗಳೇ ಇರಲಿಲ್ಲ. ಇನ್ನೊಂದರ ದರಪಟ್ಟಿಯಲ್ಲಿ ಜಿಎಸ್‌ಟಿ ಶೇ 18 ಎಂದೇ ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ 5ಕ್ಕೆ ಇಳಿದಿದೆಯಲ್ಲ ಎಂದಾಗ, ಹಳೆಯ ಪಟ್ಟಿ ಎಂದು ನಕ್ಕರು. ಮೂರನೆಯದು ಸ್ಟೇಷನರಿ ಅಂಗಡಿಯ ಮಹಡಿಯ ಮೇಲಿತ್ತು. ಎಸಿ ಇಲ್ಲ, ಫ್ಯಾನು ಕಿರುಗುಟ್ಟುತ್ತಿತ್ತು. ಆದರೆ ಅಲ್ಲಿನ ತರಬೇತುದಾರ ದರದ ಮಾತು ಎತ್ತುವ ಮೊದಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಊರದೆ ಹತ್ತು ಸಲ ಎದ್ದು ಕೂರಲು ಹೇಳಿದ. ಆರಕ್ಕೇ ಮಂಡಿ ಹಿಡಿದುಕೊಂಡಿತು. ಯಾವ ಮಂಡಿ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂದು ಕೇಳಿದ. ನನ್ನ ಆಯ್ಕೆ ಅಲ್ಲಿಗೇ ಮುಗಿಯಿತು.

ಮೊದಲ ತಿಂಗಳಿಗೆ ಮಾತ್ರ 1,600 ಕಟ್ಟಿದೆ. ಹನ್ನೊಂದು ದಿನ ಹೋಗಿದ್ದೆ. ಆಮೇಲೆ ಮೂರು ತಿಂಗಳಿಗೆ 4,200ರಂತೆ ಕಟ್ಟುತ್ತಿದ್ದೇನೆ. ವರ್ಷದ್ದು 12,000, ತಿಂಗಳಿಗೆ ನಾನೂರು ಉಳಿಯುತ್ತದೆ ನಿಜ. ಆದರೆ ವರ್ಷಾಂತ್ಯದ ಒಂದು ತಿಂಗಳು, ಮಕ್ಕಳ ರಜೆಯ ಒಂದು ತಿಂಗಳು ಕಳೆದರೆ ಆ ಉಳಿತಾಯದಲ್ಲಿ ಎಷ್ಟು ಉಳಿಯುತ್ತದೆ?

ಮೊನ್ನೆ ತರಬೇತುದಾರ ಲೆಗ್ ಪ್ರೆಸ್‌ಗೆ ಇನ್ನೈದು ಕಿಲೋ ಏರಿಸಿದ. ಹಾಗೆಯೇ ಮೆಲ್ಲಗೆ, ವರ್ಷದ ಪ್ಯಾಕೇಜ್‌ಗೆ ಈ ಸಲ ಚೀಲವೂ ಕೊಡುತ್ತಿದ್ದೇವೆ ಸರ್ ಎಂದ. ಮಾರ್ಚ್ ಕಳೆಯಲಿ ಎಂದಿದ್ದೇನೆ.