‘ಇದು’ ಅಂದ್ರೆ ಯಾವ್ದು, ಮೇಡಂ?

ಕಾರವಾರದ ಒಂದು ಡಿಗ್ರಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಎಲ್ಲ ಮಕ್ಕಳನ್ನೂ ಒಂದೇ ರೀತಿ ನೋಡುತ್ತೇನೆ ಅನ್ನುವ ಸಮಾಧಾನ ನನಗಿತ್ತು. ಅಷ್ಟು ಸಾಲದು ಅಂತ ತಿಳಿಸಿಕೊಟ್ಟವಳು ಒಬ್ಬ ಹುಡುಗಿ.

ಅಂಕೋಲಾ ಕಡೆಯವಳು. ಕಣ್ಣು ಬಹಳ ಮಂದ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಒಂದು ದಿನ ಮೀನಿನ ರಕ್ತ ಸಂಚಾರದ ಚಿತ್ರ ಬರೆದು, "ಇದು ಇಲ್ಲಿಗೆ ಬರ್ತದೆ, ಇಲ್ಲಿಂದ ಹೀಗೆ ಹೋಗ್ತದೆ" ಅನ್ನುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು: "ಮೇಡಂ, ‘ಇದು’ ಅಂದ್ರೆ ಯಾವ್ದು?"

ಮರುದಿನ ಫೋನಿನಲ್ಲಿ ನನ್ನ ಪಾಠ ರೆಕಾರ್ಡ್ ಮಾಡಿಕೊಂಡೆ. ಮನೆಯಲ್ಲಿ ಕಣ್ಣು ಮುಚ್ಚಿ ಕೇಳಿದೆ. ಹತ್ತು ನಿಮಿಷದಲ್ಲಿ ‘ಇದು’, ‘ಇಲ್ಲಿ’, ‘ಹೀಗೆ’ ಎಷ್ಟು ಸಲ ಬಂತು ಅಂತ ಎಣಿಸಿದೆ. 34 ಸಲ. ನನಗೇ ನನ್ನ ಪಾಠ ಅರ್ಥವಾಗಲಿಲ್ಲ.

ಈಗ ಹೀಗೆ ಹೇಳುತ್ತೇನೆ: "ದೇಹದಿಂದ ಬಂದ ರಕ್ತ ಹೃತ್ಕರ್ಣಕ್ಕೆ ಬರುತ್ತದೆ, ಅಲ್ಲಿಂದ ಹೃತ್ಕುಕ್ಷಿಗೆ, ಅಲ್ಲಿಂದ ಕಿವಿರಿಗೆ. ಕಿವಿರಿನಿಂದ ಮತ್ತೆ ಹೃದಯಕ್ಕೆ ಬರುವುದಿಲ್ಲ, ನೇರ ದೇಹಕ್ಕೇ ಹೋಗುತ್ತದೆ." ಕೈ ಏನು ತೋರಿಸುತ್ತದೋ ಬಾಯಿ ಅದನ್ನು ಹೇಳಬೇಕು. ರೂಢಿಯಾಗಲು ಒಂದು ಸೆಮಿಸ್ಟರ್ ಪೂರ್ತಿ ಬೇಕಾಯಿತು. ಹಿಂದಿನ ಬೆಂಚಿನಲ್ಲಿ ಕೂತು ಬೋರ್ಡ್ ಅರ್ಧಂಬರ್ಧ ಕಾಣುವವರೂ ಈಗ ಸರಿಯಾಗಿ ಬರೆದುಕೊಳ್ಳುತ್ತಾರೆ.

ನೋಟ್ಸ್ ವಿಷಯದಲ್ಲೂ ತಪ್ಪು ನನ್ನದೇ. ಕೈಬರಹದ ಹಾಳೆಯ ಫೋಟೋ ಕಳಿಸುತ್ತಿದ್ದೆ. ಅವಳ ಫೋನು ಅಕ್ಷರವನ್ನು ಓದಿ ಹೇಳುತ್ತದೆ, ಫೋಟೋದಲ್ಲಿರುವುದನ್ನು ಓದುತ್ತಿರಲಿಲ್ಲ. ಟೈಪ್ ಮಾಡಿ ಕಳಿಸಿದೆ. ಹಳೆಯ ಫಾಂಟಿನಲ್ಲಿ ಮಾಡಿದ್ದರಿಂದ ಫೋನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರಿತಂತೆ. ಯೂನಿಕೋಡ್‌ನಲ್ಲಿ ಮತ್ತೆ ಮಾಡಿದ ಮೇಲೆ ಅವಳು ಬಸ್ಸಿನಲ್ಲೇ ಕೇಳಿಸಿಕೊಂಡು ಬರತೊಡಗಿದಳು.

ಪ್ರಾಕ್ಟಿಕಲ್‌ಗೆ ಫಾರ್ಮಲಿನ್ ಬಾಟಲಿಯ ಮೀನು ಬಿಟ್ಟು, ಬೆಳಿಗ್ಗೆ ಮಾರ್ಕೆಟ್ಟಿನಿಂದ ತಾಜಾ ಬಂಗುಡೆ ತಂದೆ. ಅವಳು ಬೆನ್ನ ಮೇಲೆ ಬೆರಳು ಸರಿಸುತ್ತಾ ಬಾಲದ ಹತ್ತಿರ ನಿಂತಳು. "ಇಲ್ಲಿ ಸಣ್ಣ ಸಣ್ಣದು ಏನೋ ಇದೆ." ಎಣಿಸು ಅಂದೆ. ಐದು. ಹೊಟ್ಟೆಯ ಕಡೆಯೂ ಐದು. ಕಣ್ಣು ಚೆನ್ನಾಗಿರುವವರಲ್ಲಿ ಎಷ್ಟೋ ಜನ ಆ ಕಿರುರೆಕ್ಕೆಗಳನ್ನು ಚಿತ್ರದಲ್ಲಿ ಬಿಟ್ಟೇ ಬಿಡುತ್ತಾರೆ. ಆಮೇಲೆ ಕಿವಿರಿನ ಮುಚ್ಚಳ ಎತ್ತಿ ಬೆರಳು ಒಳಗಿಟ್ಟಳು. "ಬಾಚಣಿಗೆ ಇದ್ದ ಹಾಗೆ ಇದೆ, ಮೇಡಂ!" ಅದೇ ಗಿಲ್ ರೇಕರ್. ನೀರಿನಿಂದ ಸಣ್ಣ ಜೀವಿಗಳನ್ನು ಬಂಗುಡೆ ಸೋಸಿಕೊಳ್ಳುವುದು ಅದರಿಂದ. ಬಾಚಣಿಗೆ ಅನ್ನುವ ಮಾತನ್ನು ನಾನು ಈಗಲೂ ಕ್ಲಾಸಿನಲ್ಲಿ ಬಳಸುತ್ತೇನೆ.

ಅವತ್ತೇ ಇನ್ನೊಂದು ಆಯಿತು. ಮೀನುಗಾರರ ಮನೆಯ ಒಬ್ಬ ಹುಡುಗ ವರ್ಷವಿಡೀ ಬಾಯಿ ತೆರೆದಿರಲಿಲ್ಲ. ಮನೆಯಲ್ಲಿ ಕೊಂಕಣಿ, ಓದಿದ್ದು ಕನ್ನಡದಲ್ಲಿ, ಪುಸ್ತಕ ಇಂಗ್ಲಿಷಿನದು. ಕಿವಿರಿನ ಬಣ್ಣ ನೋಡಿ ಮೀನು ಯಾವಾಗ ಹಿಡಿದದ್ದು ಅಂತ ಅಂದಾಜು ಮಾಡುವುದನ್ನು ಅವನು ಅರ್ಧ ಕೊಂಕಣಿ, ಅರ್ಧ ಕನ್ನಡದಲ್ಲಿ ಎಲ್ಲರಿಗೂ ಹೇಳಿಕೊಟ್ಟ. ಆಮೇಲಿಂದ ಬೋರ್ಡಿನ ಮೇಲೆ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಮನೆಮಾತಿನ ಹೆಸರನ್ನೂ ಬರೆಯುತ್ತೇವೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳು ಮೀನು ಮುಟ್ಟಿದವಳೇ ಅಲ್ಲ. ಅವಳಿಗೆ ಜೇಡಿಮಣ್ಣಿನ ಮಾದರಿ ಮಾಡಿಟ್ಟೆ. ಅವಳ ಹಿಂಜರಿಕೆಗೂ ಕ್ಲಾಸಿನಲ್ಲಿ ಜಾಗ ಬೇಕು, ಅಲ್ವಾ?

ರೆಕಾರ್ಡ್ ಮಾಡುವುದನ್ನು ನಿಲ್ಲಿಸಲಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಆ ಕಡೆಯ ಮಕ್ಕಳಿಗೆ ಬರಲು ದಾರಿಯೇ ಇರಲಿಲ್ಲ. ವಾಟ್ಸ್ಯಾಪ್‌ನಲ್ಲಿ ಅವರಿಗೆ ಕಳಿಸಿದ್ದು ಅದೇ ಧ್ವನಿ ಪಾಠಗಳನ್ನು. ಆ ಮಕ್ಕಳ ಕಿರುಪರೀಕ್ಷೆಯನ್ನು ಮುಂದೆ ಹಾಕಿದೆ. ಮೀನುಗಾರಿಕೆ ನಿಷೇಧದ ಜೂನ್, ಜುಲೈ ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ಕೈ ಖಾಲಿ ಇರುತ್ತದೆ. ಆ ಹೊತ್ತಿಗೆ ಹೊಸ ರೆಕಾರ್ಡ್ ಬುಕ್, ಡಿಸೆಕ್ಷನ್ ಬಾಕ್ಸ್ ತನ್ನಿ ಅಂತ ಈಗ ಒತ್ತಾಯ ಮಾಡುವುದಿಲ್ಲ.

ಒಂದು ವಿಷಯಕ್ಕೆ ಇಂದಿಗೂ ಬೇಜಾರಿದೆ. ಕಣ್ಣು ಮಂದವಿರುವ ಆ ಅಂಕೋಲಾ ಹುಡುಗಿಯಂಥವರಿಗೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು ಅಂತ ಕೇಂದ್ರದ ಮಾರ್ಗಸೂಚಿ ಇದೆ. ಕ್ಲಾಸ್ ಟೆಸ್ಟ್ ಚಿಕ್ಕದು ಅಂತ ನಾನು ಮೊದಲ ಎರಡು ಟೆಸ್ಟಿಗೆ ಕೊಟ್ಟಿರಲಿಲ್ಲ. ಅವಳೂ ಕೇಳಿರಲಿಲ್ಲ. ಈಗ ಸೆಮಿಸ್ಟರಿನ ಮೊದಲ ವಾರವೇ ಒಂದು ಚೀಟಿ ಕೊಡುತ್ತೇನೆ: ‘ನಿಮಗೆ ಕಲಿಯಲು ಏನು ಅಡ್ಡ ಬರುತ್ತದೆ?’ ಹೆಸರು ಬರೆದು ನನ್ನ ಕೈಗೇ ಕೊಡಬೇಕು. ಬೇರೆ ಯಾರಿಗೂ ತೋರಿಸುವುದಿಲ್ಲ.

ಈ ವರ್ಷದ ಒಂದು ಚೀಟಿಯಲ್ಲಿ ‘ಮೆಟ್ಟಿಲು’ ಅಂತಷ್ಟೇ ಇತ್ತು. ಊರುಗೋಲಿನಲ್ಲಿ ನಡೆಯುವ ಹುಡುಗ. ಲ್ಯಾಬ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕೆಳಗಿನ ಕೋಣೆ ಕೇಳಿ ಅರ್ಜಿ ಕೊಟ್ಟಿದ್ದೇನೆ. ಅದು ಸಿಗುವ ತನಕ ಪ್ರತಿ ಶುಕ್ರವಾರ ನಾನೂ ಅಟೆಂಡರ್ ಅಣ್ಣನೂ ನಾಲ್ಕು ಮೈಕ್ರೋಸ್ಕೋಪ್ ಕೆಳಗೆ ಇಳಿಸುತ್ತೇವೆ. ಅವನ ಬ್ಯಾಚಿನವರೆಲ್ಲ ಅಲ್ಲೇ ಬಂದು ಕೂರುತ್ತಾರೆ.