ಸ್ಲರಿ ಹೊಂಡದ ಕಲ್ಲಿದ್ದಲು: ಝರಿಯಾದಲ್ಲಿ ನಾವು ಮರಳಿ ತೆಗೆಯುವ ಬಗೆ

ಜಾರ್ಖಂಡಿನ ಝರಿಯಾ ಸೀಮೆಯ ಹಳೆಯ ವಾಷರಿಗಳ, ಅಂದರೆ ಕಲ್ಲಿದ್ದಲು ತೊಳೆಯುವ ಘಟಕಗಳ ಪಕ್ಕ ಕಪ್ಪು ಕೆಸರಿನ ಹೊಂಡಗಳಿವೆ. ತೊಳೆಯುವಾಗ ನೀರಿನ ಜೊತೆ ಹೊರಗೆ ಹೋದ, ಅರ್ಧ ಮಿಲಿಮೀಟರಿಗಿಂತ ಸಣ್ಣ ಕಲ್ಲಿದ್ದಲು ಬಂದು ತಂಗುವುದು ಅಲ್ಲೇ. ಕಲ್ಲಿದ್ದಲಿಗೆ ಕೋಕ್ (ಉಕ್ಕಿನ ಕುಲುಮೆಯ ಗಟ್ಟಿ ಇಂಧನ) ಆಗುವ ಗುಣ ಕೊಡುವ ಹೊಳಪಿನ ಭಾಗ, ವಿಟ್ರಿನೈಟ್, ಪೆಡಸು. ಒಡೆಯುವಾಗ ಮೊದಲು ಪುಡಿಯಾಗುವುದು ಅದೇ. ಹಾಗಾಗಿ ಉಕ್ಕಿನವರಿಗೆ ಬೇಕಾದ ಭಾಗವೇ ಹೊಂಡ ಸೇರುತ್ತದೆ. ತೋರಣಗಲ್ಲಿನ ಕುಲುಮೆಗಳಿಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲು ಹಡಗಿನಲ್ಲಿ ಬರುತ್ತಿರುವಾಗ ಇದನ್ನು ಕೆಸರೆಂದು ಬಿಟ್ಟುಬಿಡಲು ಮನಸ್ಸು ಒಪ್ಪುವುದಿಲ್ಲ. ಆದರೆ ಯಂತ್ರ ಕೊಳ್ಳುವ ಮುಂಚೆ ಹೊಂಡವನ್ನು ಅರಿಯಬೇಕು. ಸೋತ ಯೋಜನೆಗಳಲ್ಲಿ ಹೆಚ್ಚಿನವು ಇಲ್ಲೇ ಎಡವಿವೆ ಎಂಬುದು ನನ್ನ ಅಭಿಪ್ರಾಯ.

ಹೊಂಡದ ಕೆಸರು ಎಲ್ಲ ಕಡೆ ಒಂದೇ ಇರುವುದಿಲ್ಲ. ಪೈಪಿನ ಬಾಯಿಯ ಹತ್ತಿರ ದಪ್ಪ ಕಣ ಕೂರುತ್ತದೆ, ನೀರು ತುಳುಕಿ ಹೋಗುವ ತುದಿಯಲ್ಲಿ ಜೇಡಿ. ದಡದಲ್ಲಿ ನಿಂತು ಸಲಿಕೆಯಲ್ಲಿ ತೆಗೆದ ಮಾದರಿಯನ್ನು ನಂಬಬೇಡಿ. 10 ಮೀಟರ್ ಚೌಕಕ್ಕೊಂದರಂತೆ ಆಗರ್ (ತಿರುಗಿಸಿ ಇಳಿಸುವ ಕೊರೆ) ಇಳಿಸಿ, ಪ್ರತಿ ಮೀಟರ್ ಆಳದ ಮಾಲನ್ನು ಬೇರೆ ಬೇರೆ ಚೀಲಕ್ಕೆ ಹಾಕುತ್ತೇವೆ. ಒಂದು ಭಾಗವನ್ನು 0.5, 0.25, 0.15, 0.075, 0.045 ಮಿಲಿಮೀಟರ್ ಜರಡಿಗಳಲ್ಲಿ ನೀರು ಹಾಯಿಸಿ ಬೇರ್ಪಡಿಸಿ, ಒಂದೊಂದರ ಬೂದಿಯನ್ನೂ ಅಳೆಯುತ್ತೇವೆ: 212 ಮೈಕ್ರಾನ್ ಪುಡಿ 1 ಗ್ರಾಂ, 815 ಡಿಗ್ರಿ ಕುಲುಮೆ. 45 ಮೈಕ್ರಾನಿನ ಕೆಳಗೆ ಬೂದಿ ಏಕಾಏಕಿ ಏರಿದರೆ ಅದು ಜೇಡಿ. ಅದನ್ನು ಮುಂದೆ ಒಯ್ಯುವುದೇ ದಂಡ.

ಎರಡನೆಯದು, ಕಣದ ಮೈ. ವರ್ಷಗಟ್ಟಲೆ ಗಾಳಿಗೆ ಒಡ್ಡಿದ ಕಲ್ಲಿದ್ದಲಿನ ಮೈಗೆ ಆಮ್ಲಜನಕ ಅಂಟಿ, ನೀರನ್ನು ಒಲ್ಲೆ ಎನ್ನುವ ಗುಣ ಕಳೆದುಹೋಗುತ್ತದೆ. ಗಾಳಿ ಊದಿ ಎಬ್ಬಿಸಿದ ನೊರೆಗೆ ಅಂಟಿ ಕಲ್ಲಿದ್ದಲು ತೇಲುವುದು, ಜೇಡಿಯಿಂದ ಬೇರಾಗುವುದು ಆ ಗುಣದಿಂದಲೇ. ನೆರಳಲ್ಲಿ ಆರಿಸಿದ ಒಂದು ಚಿಟಿಕೆ ಪುಡಿಯನ್ನು ಬಟ್ಟಲಿನ ನಿಂತ ನೀರಿನ ಮೇಲೆ ಮೆಲ್ಲಗೆ ಉದುರಿಸಿ ನೋಡಿ. ಆರೋಗ್ಯವಂತ ಕಲ್ಲಿದ್ದಲು ಕಪ್ಪು ಪೊರೆಯಾಗಿ ನಿಲ್ಲುತ್ತದೆ, ಕೆಟ್ಟದ್ದು ಒಂದೇ ಸಮನೆ ಮುಳುಗುತ್ತದೆ. ತೇಲಿಕೆ ಪರೀಕ್ಷೆಯ ಮಾದರಿಯನ್ನು ಬಿಸಿ ಓವನ್ನಿನಲ್ಲಿ ಒಣಗಿಸಬೇಡಿ, ಅಲ್ಲೇ ಇನ್ನಷ್ಟು ಕೆಡುತ್ತದೆ. ಒದ್ದೆಯಾಗಿಯೇ ಬಾಯಿ ಕಟ್ಟಿಡಿ. ಕಾಯಿಸಿದಾಗ ಕಲ್ಲಿದ್ದಲು ಎಷ್ಟು ಉಬ್ಬುತ್ತದೆ ಎಂದು ಹೇಳುವ ಉಬ್ಬು ಸಂಖ್ಯೆಯನ್ನೂ ನೋಡಬೇಕು, ಆದರೆ ತೇಲಿಸಿ ತೆಗೆದ ಶುದ್ಧ ಭಾಗದಲ್ಲಿ. ಕಚ್ಚಾ ಕೆಸರಿನಲ್ಲಿ ಬೂದಿಯೇ ಉಬ್ಬುವುದನ್ನು ತಡೆಯುತ್ತದೆ. ಶುದ್ಧ ಭಾಗವೂ 1ಕ್ಕೇ ನಿಂತರೆ ಬೂದಿ ಎಷ್ಟೇ ಇಳಿಸಿ, ಅದು ಕೋಕ್ ಓವನ್ನಿಗೆ ಆಗದು. ಬಾಯ್ಲರಿಗೋ ಇಟ್ಟಿಗೆ ಗೂಡಿಗೋ ಲೆಕ್ಕ ಹಾಕಿ.

ಹೊಂಡದಿಂದ ಎತ್ತಿದ ಮಾಲಿಗೆ ನೀರು ಬೆರೆಸಿ, ಬೇರು, ಪಾಲಿಥಿನ್, ದಪ್ಪ ಚೂರುಗಳನ್ನು ಜರಡಿಯಲ್ಲಿ ತೆಗೆಯುತ್ತೇವೆ. ಆಮೇಲೆ ಶೇ. 50–60 ಘನವಸ್ತು ಇರುವಂತೆ ಮಂದ ಮಾಡಿ, ಜೋರಾಗಿ ಕಲಕುವ ಆಟ್ರಿಷನ್ ಸ್ಕ್ರಬ್ಬರಿನಲ್ಲಿ ಕೆಲ ನಿಮಿಷ ಉಜ್ಜಿಸುತ್ತೇವೆ. ಕಣಕ್ಕೆ ಕಣ ತಿಕ್ಕಿ ಹಳೆಯ ಮೈ ಸುಲಿದು, ಅಂಟಿದ ಜೇಡಿ ಬಿಡುತ್ತದೆ. ಸ್ಲರಿಯನ್ನು ಸುಳಿಯಂತೆ ತಿರುಗಿಸಿ ಜೇಡಿ ತೆಗೆಯುವ ಸಣ್ಣ ಸೈಕ್ಲೋನ್ ಇದರ ನಂತರ ಇರಬೇಕು, ಮೊದಲಲ್ಲ. ಉಜ್ಜುವಾಗ ಹೊಸ ಜೇಡಿ ಹುಟ್ಟುತ್ತದಲ್ಲ. ಕಾಲು ಮಿಲಿಮೀಟರಿಗಿಂತ ದಪ್ಪನೆಯದು ನೊರೆಯಿಂದ ಕಳಚಿ ಬೀಳುತ್ತದೆ; ಅದಕ್ಕೆ ಸ್ಪೈರಲ್ (ಹಗುರ, ಭಾರದ ಕಣಗಳನ್ನು ಬೇರ್ಪಡಿಸುವ ಸುರುಳಿ ಕಾಲುವೆ) ಸರಿ, ಶೇ. 25–35 ಘನದಲ್ಲಿ. ಜೇಡಿಗೂ ಇದಕ್ಕೂ ನಡುವಿನದು ನೊರೆ ಸೆಲ್ಲಿಗೆ, ಅಂದರೆ ಗಾಳಿ ಊದಿ ನೊರೆ ಎಬ್ಬಿಸುವ ತೊಟ್ಟಿಗೆ.

ಸೆಲ್ಲಿಗೆ ಹೋಗುವ ಸ್ಲರಿಯಲ್ಲಿ ಶೇ. 10 ಘನ ಇಟ್ಟುಕೊಳ್ಳುತ್ತೇವೆ. ಘನದ ಸಾಂದ್ರತೆ 1.5 ಎಂದುಕೊಂಡರೆ ಒಂದು ಲೀಟರ್ ಸ್ಲರಿ ಸುಮಾರು 1034 ಗ್ರಾಂ ತೂಗಬೇಕು. ಲೀಟರ್ ಡಬ್ಬಿಯೊಂದು, ತಕ್ಕಡಿಯೊಂದು ಸಾಕು. ಗಂಟೆಗೆ 100 ಘನ ಮೀಟರ್ ಹರಿದರೆ ಒಣ ಕಲ್ಲಿದ್ದಲು 10.3 ಟನ್ ಆಯಿತು. ಕಣ ಗುಳ್ಳೆಗೆ ಅಂಟಲು ಡೀಸೆಲ್ ಬೇಕು; ಟನ್ನಿಗೆ 1 ಕಿಲೋ ಕೊಡುವುದಾದರೆ ನಿಮಿಷಕ್ಕೆ ಸುಮಾರು 200 ಮಿಲಿಲೀಟರ್. ಡೋಸಿಂಗ್ ಪಂಪಿನ ಮುಳ್ಳನ್ನು ನಂಬದೆ ಶಿಫ್ಟಿಗೊಮ್ಮೆ ಅಳತೆ ಕೊಳವೆ ಹಿಡಿದು ನೋಡಿ. ಡೀಸೆಲ್ ಕಣದ ಮೈಗೆ ಹರಡಲು ಕಂಡೀಷನರಿನಲ್ಲಿ (ಸೆಲ್ಲಿಗೂ ಮೊದಲಿನ ಕಲಕುವ ತೊಟ್ಟಿ) ಎರಡು ಮೂರು ನಿಮಿಷ ಬೇಕು. ನೊರೆ ಕಾರಕ, ನಮ್ಮಲ್ಲಿ ಎಂಐಬಿಸಿ ಎಂಬ ಆಲ್ಕೋಹಾಲ್, ಸೆಲ್ಲಿನ ಬಾಯಲ್ಲಿ, ಟನ್ನಿಗೆ 100 ಗ್ರಾಂ ಆಸುಪಾಸು. ಕೆಟ್ಟ ಮೈಯ ಕಲ್ಲಿದ್ದಲು ಡೀಸೆಲ್ ಜಾಸ್ತಿ ಕೇಳುತ್ತದೆ. ಎರಡು ಕಿಲೋ ದಾಟಿದರೆ ನಾವು ಡೀಸೆಲ್ ಏರಿಸುವುದನ್ನು ನಿಲ್ಲಿಸಿ ಉಜ್ಜುವ ಸಮಯ ಏರಿಸುತ್ತೇವೆ.

ಮೀಟರಿಗಿಂತ ಮೊದಲು ನೊರೆ ಸುದ್ದಿ ಹೇಳುತ್ತದೆ. ಗುಳ್ಳೆಯ ಮೈಯೆಲ್ಲ ಕಪ್ಪಾಗಿ, ಸೆಲ್ಲಿನ ಅಂಚಿನ ಕಾಲುವೆಗೆ (ಲಾಂಡರ್) ಬಿದ್ದೊಡನೆ ಒಡೆದರೆ ಸರಿ. ಬಿಳಿ ಕನ್ನಡಿಯಂಥ ಗುಳ್ಳೆ ಎಂದರೆ ಕಣ ಹತ್ತಿಲ್ಲ. ಎಣ್ಣೆ ಹೊಳಪು ಬಂದು ನೊರೆ ಕುಸಿದರೆ ಡೀಸೆಲ್ ಹೆಚ್ಚಾಗಿದೆ. ಗಟ್ಟಿಯಾಗಿ, ಒದ್ದೆಯಾಗಿ, ಪಂಪಿನ ತೊಟ್ಟಿಯಲ್ಲೂ ಕರಗದೆ ನಿಂತರೆ ನೊರೆ ಕಾರಕ ಹೆಚ್ಚು. ಆಗ ನೀರಿನ ಜೊತೆ ಜೇಡಿಯೂ ಏರಿ ಬಂದು ಬೂದಿ ಕೆಡಿಸುತ್ತದೆ. ಕೆಸರು ತಂಗಿಸುವ ತೊಟ್ಟಿಯಿಂದ (ಥಿಕನರ್) ಮರಳುವ ನೀರನ್ನೂ ಶಂಕಿಸಿ. ಅಲ್ಲಿ ಕಣಗಳನ್ನು ಗಂಟು ಕಟ್ಟಿಸಿ ತಂಗಿಸುವ ಫ್ಲಾಕ್ಯುಲೆಂಟ್ ಮಿಕ್ಕಿದ್ದರೆ ಜೇಡಿ, ಕಲ್ಲಿದ್ದಲು ಎರಡೂ ಗಂಟು ಕಟ್ಟುತ್ತವೆ, ಸೆಲ್ಲಿಗೆ ಬೇರ್ಪಡಿಸಲು ಏನೂ ಉಳಿಯುವುದಿಲ್ಲ. ಕೊನೆಯ ಸೆಲ್ಲಿನ ಟೇಲಿಂಗ್ಸನ್ನು (ತೇಲದೆ ಹೊರಹೋಗುವ ಕೆಸರು) ಬಿಳಿ ತಟ್ಟೆಗೆ ಸುರಿದು ಬೆರಳಲ್ಲಿ ಸವರಿ: ಬೂದು ಬಣ್ಣದ ಜಾರುವ ಕೆಸರಾದರೆ ನೆಮ್ಮದಿ, ಕಪ್ಪು ಹರಳು ಬೆರಳಿಗೆ ಸಿಕ್ಕರೆ ದಪ್ಪ ಕಣ ತಪ್ಪಿಹೋಗುತ್ತಿದೆ.

ಇಳುವರಿಯನ್ನು ಮೂರು ಬೂದಿಗಳಿಂದಲೇ ಲೆಕ್ಕ ಹಾಕಬಹುದು. ಟೇಲಿಂಗ್ಸ್ ಬೂದಿಯಿಂದ ಒಳ ಹೋದದ್ದರ ಬೂದಿ ಕಳೆದು, ಅದನ್ನು ಟೇಲಿಂಗ್ಸ್ ಮತ್ತು ಶುದ್ಧ ಮಾಲಿನ ಬೂದಿಗಳ ಅಂತರದಿಂದ ಭಾಗಿಸಿ. ಬೂದಿ ಒಳಗೆ ಶೇ. 32, ಶುದ್ಧ ಮಾಲು 17, ಟೇಲಿಂಗ್ಸ್ 60 ಇದ್ದರೆ 28 ಭಾಗಿಸು 43, ಅಂದರೆ ಶೇ. 65. ಟೇಲಿಂಗ್ಸ್ ಬೂದಿ 50ಕ್ಕೆ ಇಳಿದರೆ ಅದೇ ಲೆಕ್ಕ ಶೇ. 55 ಕೊಡುತ್ತದೆ, ನೂರು ಟನ್ನಿಗೆ ಹತ್ತು ಟನ್ ಒಳ್ಳೆಯ ಮಾಲು ಮತ್ತೆ ಹೊಂಡಕ್ಕೆ.

ಕೊನೆಯ ತೊಡಕು ನೀರು. ನಿರ್ವಾತ ಫಿಲ್ಟರಿನಿಂದ ಇಳಿದ ಕೇಕಿನಲ್ಲಿ ಶೇ. 20–25 ತೇವ ಇದ್ದೇ ಇರುತ್ತದೆ. ಬಟ್ಟೆ ಕಟ್ಟಿಕೊಂಡು ಕೇಕ್ ತೆಳ್ಳಗಾದರೆ ಫಿಲ್ಟರನ್ನು ಬೈಯುವ ಮೊದಲು ಸೈಕ್ಲೋನಿನ ಕೆಳ ಬಾಯಿ ನೋಡಿ: ಸವೆದು ಅಗಲವಾಗಿದ್ದರೆ ಜೇಡಿ ಒಳಗೆ ಬರುತ್ತಿದೆ. ಬೇಸಿಗೆಯಲ್ಲಿ ಗಟ್ಟಿ ನೆಲದ ಮೇಲೆ ತೆಳ್ಳಗೆ ಹರಡಿ, ಮಗುಚಿ ಒಣಗಿಸಿ, ದಪ್ಪ ತೊಳೆದ ಕಲ್ಲಿದ್ದಲಿಗೆ ಬೆರೆಸುತ್ತೇವೆ. ಮಳೆಗಾಲದಲ್ಲಿ ಕೇಕನ್ನು ಒಂಟಿಯಾಗಿ ವ್ಯಾಗನ್ನಿಗೆ ತುಂಬುವುದಿಲ್ಲ. ತಳಕ್ಕೆ ಕಚ್ಚಿಕೊಂಡು ಇಳಿಯಲೊಲ್ಲದು.