ಮುರುಗಲು ತುಪ್ಪ ಮನೆಯಲ್ಲೇ ಮಾಡಿ, ಆದರೆ ಅದರಲ್ಲಿ ನೀರು ಉಳಿಸಬೇಡಿ

ಮುರುಗಲು ಸಿಪ್ಪೆಯನ್ನು ಸಾರಿಗೆ, ಪಾನಕಕ್ಕೆಂದು ಜೋಪಾನವಾಗಿ ಒಣಗಿಸುವ ಮನೆಗಳಲ್ಲೇ ಬೀಜ ಗೊಬ್ಬರಗುಂಡಿಗೆ ಹೋಗುತ್ತಿದೆ. ಉತ್ತರ ಕನ್ನಡದ ಕಡೆ ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಹಚ್ಚುವ ತುಪ್ಪ ಬರುವುದು ಆ ಬೀಜದಿಂದಲೇ. ದಕ್ಷಿಣ ಕನ್ನಡದವರ ಪುನರ್ಪುಳಿ, ಅಂಗಡಿಯ ಕೋಕಂ ಎರಡೂ ಇದೇ ಹಣ್ಣು. ಈಗ ಮತ್ತೆ ಕೆಲವರು ತುಪ್ಪ ಮಾಡುತ್ತಿದ್ದಾರೆ, ಸಂತೋಷ. ಆದರೆ ಡಬ್ಬಿಗೆ ತುಂಬಿ ಸ್ವಲ್ಪ ದಿನಕ್ಕೇ ಬೂಷ್ಟು ಬಂತು ಎನ್ನುತ್ತಾರೆ. ಕಾರಣ ಒಂದೇ: ಆರದ ನೀರು.

1. ಬೀಜದ ಲೋಳೆ ಹೋಗುವಂತೆ ಉಜ್ಜಿ ತೊಳೆದು, ಮಳೆ ಹಿಡಿಯುವ ಮೊದಲೇ ಗರಿಗರಿಯಾಗಿ ಒಣಗಿಸಿ. ಬೂಷ್ಟು ಕಂಡ ಬೀಜವನ್ನು ಮುಲಾಜಿಲ್ಲದೆ ಎಸೆಯಿರಿ.

2. ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ತಿರುಳನ್ನು ಪುಡಿ ಮಾಡಿ. ಬೀಜದ ತೂಕದಲ್ಲಿ ಕೊಬ್ಬು ಸುಮಾರು ಕಾಲು ಭಾಗ. ಮನೆಯಲ್ಲಿ ಕುದಿಸಿದರೆ ಅಷ್ಟೂ ಕೈಗೆ ಸಿಗುವುದಿಲ್ಲ.

3. ಈಗ ನಿಜವಾದ ಕೆಲಸ. ದೊಡ್ಡ ಪಾತ್ರೆ ತೆಗೆದುಕೊಳ್ಳಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ನೊರೆ ಉಕ್ಕುತ್ತದೆ. ಪುಡಿಗೆ ಧಾರಾಳವಾಗಿ ನೀರು ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ತಳ ಹಿಡಿಯದಂತೆ ಕೈಯಾಡಿಸುತ್ತಿರಿ. ನೀರು ಇಂಗಿದರೆ ಬಿಸಿನೀರನ್ನೇ ಸೇರಿಸಿ. ಮೇಲೆ ಎಣ್ಣೆ ಚೆನ್ನಾಗಿ ತೇಲಿದ ಮೇಲೆ ಒಲೆ ಆರಿಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಅವಸರಕ್ಕೆ ಬಿಸಿಯಲ್ಲೇ ಸೌಟಿನಿಂದ ತೋಡುವವರಿದ್ದಾರೆ. ತೋಡಿದಷ್ಟೂ ಗಸಿ ಜೊತೆಗೇ ಬರುತ್ತದೆ.

ಬೆಳಿಗ್ಗೆ ಮೇಲೆ ಗಟ್ಟಿ ಪದರ ನಿಂತಿರುತ್ತದೆ. ಅದನ್ನು ಎತ್ತಿ, ಅಡಿಭಾಗಕ್ಕೆ ಅಂಟಿದ ಗಸಿಯನ್ನು ಚಾಕುವಿನಿಂದ ಕೆರೆದು ತೆಗೆಯಿರಿ. ಶುದ್ಧ ನೀರಿನಲ್ಲಿ ಇನ್ನೊಮ್ಮೆ ಕರಗಿಸಿ, ಮತ್ತೆ ಹೆಪ್ಪುಗಟ್ಟಲು ಬಿಡಿ. ಇದನ್ನು ಬಿಟ್ಟರೂ ನಡೆಯುತ್ತದೆ ಎನ್ನುವವರ ಮಾತು ಕೇಳಬೇಡಿ.

ಎರಡನೇ ಹೆಪ್ಪನ್ನು ಒರೆಸಿ, ನೀರಿಲ್ಲದೆ ತೀರಾ ಸಣ್ಣ ಉರಿಯಲ್ಲಿ ಇಡಿ. ಬೆಣ್ಣೆ ಕಾಯಿಸುವಾಗಿನಂತೆ ಚಟಪಟ ಸದ್ದು ಬರುತ್ತದೆ. ಒಳಗಿನ ನೀರು ಹೋಗುತ್ತಿರುವ ಸದ್ದು ಅದು. ಸದ್ದು, ಗುಳ್ಳೆ ಎರಡೂ ಪೂರ್ತಿ ನಿಂತ ಮೇಲೆ ಇಳಿಸಿ. ಹೊಗೆ ಬಂದರೆ ಉರಿ ಜಾಸ್ತಿಯಾಯಿತು ಎಂದರ್ಥ. ಬಿಸಿ ಇರುವಾಗಲೇ ಒಣ ಹತ್ತಿ ಬಟ್ಟೆಯಲ್ಲಿ ಸೋಸಿ. ಹಿಂಡಬೇಡಿ, ತಾನಾಗಿ ಇಳಿಯಲಿ.

4. ಒಣ ಗಾಜಿನ ಬಾಟಲಿಗೆ ಹಾಕಿ. ಒದ್ದೆ ಬೆರಳು ಅದ್ದಬೇಡಿ.

ಸುಗಂಧ, ಬಣ್ಣ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ. ಬಿರಿದ ಚರ್ಮಕ್ಕೆ ಅವು ಸುಮ್ನೆ ಉರಿ ತರುತ್ತವೆ. ಅಂಗಡಿಯಲ್ಲಿ ಕೊಳ್ಳುವವರು ಡಬ್ಬಿಯ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಪಟ್ಟಿ ಓದಿ. ಜಾಸ್ತಿ ಇರುವ ಪದಾರ್ಥದ ಹೆಸರು ಮೊದಲು ಬರುತ್ತದೆ. ಮುರುಗಲಿನ ವೈಜ್ಞಾನಿಕ ಹೆಸರಾದ ‘ಗಾರ್ಸಿನಿಯಾ ಇಂಡಿಕಾ’ ಪಟ್ಟಿಯ ಕೊನೆಯಲ್ಲಿದ್ದರೆ ಅದಕ್ಕೆ ದುಡ್ಡು ಸುರಿಯುವುದು ಯಾಕೆ ಅಲ್ವಾ?

ಈ ತುಪ್ಪ ಕರಗುವುದು ಸುಮಾರು 40 ಡಿಗ್ರಿಯಲ್ಲಿ, ಹಾಗಾಗಿ ಕಲ್ಲಿನಂತೆ ಗಟ್ಟಿ. ಸೌಟಿನಲ್ಲಿ ಸ್ವಲ್ಪ ಕರಗಿಸಿ, ಉಗುರುಬೆಚ್ಚಗಾದ ಮೇಲೆ ಹಚ್ಚಿ. ಸದಾ ಮೆತ್ತಗೆ ಬೇಕೆಂದರೆ ಸಮ ಪ್ರಮಾಣದ ತೆಂಗಿನೆಣ್ಣೆ ಸೇರಿಸಿ ಕರಗಿಸಿಡಿ. ರಾತ್ರಿ ಕಾಲು ತೊಳೆದು, ಒರೆಸಿ, ಹಚ್ಚಿ, ಕಾಲುಚೀಲ ಹಾಕಿ ಮಲಗಿ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಸಕ್ಕರೆ ಕಾಯಿಲೆ ಇರುವವರು, ಬಿರುಕಿನಲ್ಲಿ ರಕ್ತವೋ ಕೀವೋ ಕಂಡವರು ತುಪ್ಪ ಹಚ್ಚುತ್ತಾ ಕೂರದೆ ವೈದ್ಯರಿಗೆ ತೋರಿಸಿ.